ಜಗಳೂರಿನ ಕೆರೆಯಂಗಳದಿಂದ ಹಾರಿದ ರಾಕೆಟ್ಟುಗಳು

ಹೋದ ವಾರ ಚನ್ನಗಿರಿಯ ನಮ್ಮ ಶಾಲೆಯಲ್ಲಿ ನೀರಿನ ಪೈಪು ಒಡೆದು ರಿಪೇರಿಯವರು ಬಂದಿದ್ದರು. ನಾನು ಎಂಟನೇ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದೆ. ಕಿಟಕಿಯಾಚೆ ಅವರು ಪೈಪಿನ ತುದಿಗೆ ಗಮ್ಮು ಹಚ್ಚಿ ಜೋಡಿಸಿದರು. ಪಿವಿಸಿ ಗಮ್ಮಿನ ವಾಸನೆ ಗೊತ್ತಿದ್ದವರಿಗೆ ಗೊತ್ತು, ಸಿಹಿಯೂ ಅಲ್ಲದ ಒಗರೂ ಅಲ್ಲದ, ಸೀದಾ ನೆತ್ತಿಗೇರುವ ವಾಸನೆ. ಸೀಮೆಸುಣ್ಣ ಹಿಡಿದ ಕೈ ಬೋರ್ಡಿನ ಮೇಲೇ ನಿಂತುಬಿಟ್ಟಿತು. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಸ್ಟಾಫ್ ರೂಮಿಗೆ ಹೋಗಿ ಕೂತೆ. ಪಕ್ಕದ ತರಗತಿಯ ಮೇಡಂ ಬಂದು, "ಯಾಕ್ರೀ ಗಿರಿಜಾ ಮೇಡಂ, ಬಿಪಿ ಏನಾದ್ರೂ ಐತಾ?" ಎಂದು ಕೇಳಿದರು. ಹೌದೆಂದೆ. ಅದೇ ಸುಲಭದ ಉತ್ತರವಾಗಿತ್ತು.

ಜಗಳೂರಿನಲ್ಲಿ ಎಂಟೊಂಬತ್ತು ತಿಂಗಳು ನಮ್ಮ ಮನೆಯ ತುಂಬ ಇದೇ ವಾಸನೆ ಇತ್ತು. ನಮ್ಮ ಮನೆಯವರು, ಹಾಲೇಶ, ಅಲ್ಲಿನ ಒಂದು ಐಟಿಐನಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರು. ನಾನು ಆಗ ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಮಗೆ ಮಕ್ಕಳಿರಲಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ಎಂದೋ ಮುಗಿದು, ಅದರ ನೋವೂ ಹಳೆಯದಾಗಿ, ಸಂಜೆ ಟೀ ಕುಡಿಯುತ್ತ ಬೀದಿ ನೋಡುವ ಜೋಡಿಯಾಗಿ ಆರಾಮವಾಗಿಯೇ ಇದ್ದೆವು. ನನ್ನ ತವರು ನ್ಯಾಮತಿ, ಅವರದು ಹೊನ್ನಾಳಿ ಕಡೆಯ ಸಾಸ್ವೆಹಳ್ಳಿ. ತುಂಗಭದ್ರೆಯ ದಡದಲ್ಲಿ ಬೆಳೆದವರಿಗೆ ಜಗಳೂರಿನ ಒಣ ಬಯಲು ಹಿಡಿಸಲಿಕ್ಕಿಲ್ಲ ಎಂದುಕೊಂಡಿದ್ದೆ. ಅವರಿಗೆ ಹಿಡಿಸಿತು. "ಇಲ್ಲಿ ಆಕಾಶ ಜಾಸ್ತಿ ಐತೆ ಕಣೆ" ಎನ್ನುತ್ತಿದ್ದರು.

ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಅವರ ಐಟಿಐನಲ್ಲಿ ವಸ್ತುಪ್ರದರ್ಶನವಿತ್ತು. ಯಾರೋ ಜ್ಯೂಸಿನ ಬಾಟಲಿಗೆ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಹಾರಿಸಲು ಹೋಗಿದ್ದರಂತೆ. ಅದು ಮೇಲೇರುವ ಬದಲು ನೆಲದ ಮೇಲೇ ಓಡಿ ಪ್ರಿನ್ಸಿಪಾಲರ ಪ್ಯಾಂಟು ತೋಯಿಸಿತಂತೆ. ಎಲ್ಲರೂ ನಕ್ಕು ಮರೆತರು. ನಮ್ಮವರು ಮರೆಯಲಿಲ್ಲ. ಊಟಕ್ಕೆ ಕೂತಾಗಲೂ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ, "ರೆಕ್ಕೆ ಸರಿ ಇರ್ಲಿಲ್ಲ. ತೂಕ ಮೇಲೆ ಇರ್ಬೇಕಿತ್ತು" ಎನ್ನುತ್ತಿದ್ದರು.

ಮುಂದಿನ ಭಾನುವಾರದ ಹೊತ್ತಿಗೆ ಪಡಸಾಲೆಯ ತುಂಬ ಖಾಲಿ ಬಾಟಲಿಗಳು. ಮದುವೆ ಮನೆಗಳಿಂದ, ಬೇಕರಿಯಿಂದ ಕೇಳಿ ತಂದವು. ಫೈಲಿನ ರಟ್ಟು ಕತ್ತರಿಸಿ ರೆಕ್ಕೆ ಮಾಡಿದರು. ಪಿವಿಸಿ ಪೈಪು ಜೋಡಿಸಿ ಮೂರು ಕಾಲಿನ ಒಂದು ಸ್ಟ್ಯಾಂಡು ಕಟ್ಟಿದರು. ಬಾಟಲಿಯನ್ನು ಅದರ ಮೇಲೆ ಬೋರಲು ಹಾಕಿದರೆ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಗಳು ಅದರ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತಿದ್ದವು. ಆ ಪಟ್ಟಿಗಳನ್ನು ಬಿಗಿಹಿಡಿಯಲು ಒಂದು ಪೈಪಿನ ಬಳೆ. ಗಾಳಿ ತುಂಬಿದ ಮೇಲೆ ದೂರ ನಿಂತು ಹಗ್ಗ ಎಳೆದರೆ ಬಳೆ ಕೆಳಕ್ಕೆ ಜಾರಿ, ಪಟ್ಟಿಗಳು ಬಿಚ್ಚಿಕೊಂಡು, ಬಾಟಲಿ ನೀರು ಕಾರುತ್ತ ಮುಗಿಲಿಗೆ ಹೋಗಬೇಕು. ಅಷ್ಟೇ. ಕೇಳಲು ಅಷ್ಟೇ.

ನಮ್ಮ ಮನೆಯಿಂದ ಸ್ವಲ್ಪ ದೂರಕ್ಕೆ ಕೆರೆ. ನೀರಿಲ್ಲದ ಕೆರೆ. ಬಿರುಕುಬಿಟ್ಟ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ, ಕುರಿ ಹಿಂಡು, ಕ್ರಿಕೆಟ್ ಆಡುವವರು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೊದಲ ಸಲ ರಾಕೆಟ್ಟು ಬುಸ್ಸೆಂದು ಎದ್ದಾಗ ನಾನು ಕಿರುಚಿಯೇಬಿಟ್ಟೆ. ಅಷ್ಟು ಎತ್ತರ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಳಿ ಬಾಟಲಿ ಬಿಸಿಲಲ್ಲಿ ಹೊಳೆಯುತ್ತ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಒಂದು ಕ್ಷಣ ಅಲ್ಲೇ ನಿಂತು, ಮೂತಿ ತಿರುಗಿಸಿ ಬಂದು ನೆಲಕ್ಕೆ ಬಡಿದು ಸಿಗಿದುಹೋಯಿತು. ಕುರಿಗಳು ದಿಕ್ಕಾಪಾಲಾಗಿ ಓಡಿದವು. ಕುರಿ ಕಾಯುವ ಚೌಡಪ್ಪ ಎಂಬ ಮುದುಕ ಕಂಬಳಿ ಹೊದ್ದು ಕೋಲು ಬೀಸುತ್ತ ಬಂದ.

"ಏನ್ರಿ ಮೇಷ್ಟ್ರೇ ಇದು? ನಾವು ಕುಡಿಯಾಕೆ ನೀರಿಲ್ದೆ ಸಾಯ್ತೀವಿ, ನೀವು ಮುಗಿಲಿಗೆ ನೀರು ಕುಡ್ಸಾಕೆ ಬಂದೀರಾ?"

"ಕುಡಿಯೋ ನೀರಲ್ಲ ಗೌಡ್ರೇ. ಅಕ್ಕಿ ತೊಳೆದಿದ್ದು. ಬೇಕಾದ್ರೆ ಮೂಸಿ ನೋಡ್ರಿ."

ಚೌಡಪ್ಪ ನಿಜಕ್ಕೂ ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ಅಂದಿನಿಂದ ನಮ್ಮ ಮನೆಯ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಎಲ್ಲವೂ ಕ್ಯಾನು ಸೇರಿತು. ರಾಕೆಟ್ಟು ಹಾರಿದ ಮೇಲೆ ನಮ್ಮ ಬಟ್ಟೆಯೆಲ್ಲ ಹುಳಿ ನಾರುತ್ತಿತ್ತು. ಇಬ್ಬರೂ ನಗುತ್ತಿದ್ದೆವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾವು ಅಷ್ಟು ನಕ್ಕಿದ್ದು ನೆನಪಿಲ್ಲ.

ಆದರೆ ಬಾಟಲಿ ಬಂದು ನೆಲಕ್ಕೆ ಬಡಿಯುವುದನ್ನು ಅವರು ಸಹಿಸುತ್ತಿರಲಿಲ್ಲ. "ಹೋಗಿದ್ದು ನೆಟ್ಟಗೆ ವಾಪಸ್ ಬರ್ಬೇಕು. ಅದೇ ಇರೋದು ಕೆಲಸ" ಎಂದರು. ಪ್ಯಾರಾಚೂಟ್ ಮಾಡಲು ಹೊರಟರು. ಟೆನಿಸ್ ಚೆಂಡನ್ನು ಅರ್ಧ ಕತ್ತರಿಸಿ ಟೋಪಿಯಂತೆ ಬಾಟಲಿಯ ತಲೆಗೆ ಕೂರಿಸಿ, ಅದರೊಳಗೆ ಬಟ್ಟೆ ಮಡಚಿ ಇಡುವುದು. ರಾಕೆಟ್ಟು ಮೇಲೆ ತುತ್ತತುದಿ ಮುಟ್ಟಿದಾಗ ಟೋಪಿ ತಾನಾಗಿ ಕಳಚಿ ಬಟ್ಟೆ ಬಿಚ್ಚಿಕೊಳ್ಳಬೇಕು. ಟೋಪಿ ಬಿಗಿಯಾದರೆ ಕಳಚುವುದೇ ಇಲ್ಲ, ಸಡಿಲವಾದರೆ ಹೊರಡುವಾಗಲೇ ಹಾರಿಹೋಗುತ್ತದೆ. ಛತ್ರಿಯ ಬಟ್ಟೆ ಹೊಲಿದುಕೊಟ್ಟೆ, ಭಾರವಾಯಿತು. ಕಡೆಗೆ ನನ್ನ ಹಳೆಯ ಕಿತ್ತಳೆ ಬಣ್ಣದ ನೈಲಾನ್ ಸೀರೆಯ ಸೆರಗು ಕತ್ತರಿಸಿ ಹೊಲಿದೆ. ಮುಷ್ಟಿಯೊಳಗೆ ಹಿಡಿಯುವಷ್ಟು ತೆಳು. "ಇದು ಬಿಚ್ತೈತೆ ನೋಡು" ಎಂದರು. ಬಿಚ್ಚಲಿಲ್ಲ. ಮುಂದಿನ ವಾರವೂ ಬಿಚ್ಚಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಅವರು ಬಾಟಲಿಯ ಮುಚ್ಚಳ ತಿರುಗಿಸಲು ಆಗದೆ ನನ್ನ ಕೈಗೆ ಕೊಟ್ಟರು. ಗಮ್ಮು ಅಂಟಿಕೊಂಡಿದೆ ಅಂದುಕೊಂಡೆ. ನಾನು ಸುಲಭವಾಗಿ ತೆಗೆದೆ. ಆಮೇಲೆ ಅಂಗಿಯ ಗುಂಡಿ. ಆಮೇಲೆ ಐಟಿಐನಲ್ಲಿ ಕಬ್ಬಿಣ ಉಜ್ಜುವ ಅರ ಕೈಜಾರಿ ಕಾಲ ಮೇಲೆ ಬಿತ್ತು. ಮೂವತ್ತು ಜನ ನೋಡುತ್ತಿರುವಾಗ ಕಬ್ಬಿಣ ಉಜ್ಜಿ ತೋರಿಸುವುದೇ ಕೆಲಸವಾದ ಮನುಷ್ಯ ಅರವನ್ನು ಎರಡೂ ಕೈಯಿಂದ ಎತ್ತಿದರಂತೆ.

ದಾವಣಗೆರೆಯಲ್ಲಿ ಡಾಕ್ಟರು ಕುತ್ತಿಗೆಯ ನರದ ತೊಂದರೆ ಅಂದರು. ಕುತ್ತಿಗೆಗೆ ಪಟ್ಟಿ ಹಾಕಿ ಕಳಿಸಿದರು. ಪಟ್ಟಿ ಹಾಕಿಕೊಂಡೇ ರಾಕೆಟ್ಟು ಹಾರಿಸಿದೆವು. ಕೈಯ ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದದ್ದನ್ನು ನೋಡಿ ಅಲ್ಲಿಯ ಇನ್ನೊಬ್ಬ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಕರೆಂಟು ಕೊಟ್ಟು ಏನೇನೋ ನೋಡಿದರು. ಕಡೆಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. ಮೈಯನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ, ಕಾಲು, ನಾಲಿಗೆ, ಕಡೆಗೆ ಉಸಿರು. ಗುಣಪಡಿಸುವ ಔಷಧ ಇಲ್ಲ. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ.

"ಅದೊಂದಕ್ಕೆ ಯಾಕ್ರೀ ರಿಯಾಯಿತಿ?" ಎಂದು ನಮ್ಮವರು ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ಚಿತ್ರದುರ್ಗ ದಾಟಿದ ಮೇಲೆ ಮೊದಲ ಮಾತಾಡಿದರು. "ಗಿರಿಜಾ, ಟೋಪಿಗೆ ಮೇಣ ಹಚ್ಚಿ ನೋಡಣ. ಜಾರ್ತೈತೆ." ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಅಲ್ಲಿಂದ ನಾನು ಅವರ ಕೈಯಾದೆ ಎಂದು ಹೇಳಿದರೆ ಚೆಂದ ಕೇಳಿಸುತ್ತದೆ. ಹಾಗೇನೂ ಇರಲಿಲ್ಲ. ನನ್ನ ಕೈ ಅವರ ಮಾತು ಕೇಳುತ್ತಿರಲಿಲ್ಲ. ರಟ್ಟು ಸೊಟ್ಟ ಕತ್ತರಿಸುತ್ತಿದ್ದೆ. ಗಮ್ಮು ಹೆಚ್ಚಾಗಿ ಸುರಿಯುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು, "ಅಲ್ಲ, ಹಂಗಲ್ಲ, ಅಯ್ಯೋ ಬಿಡು, ಬಿಟ್ಬಿಡು ಅತ್ಲಾಗೆ" ಎಂದು ಕೂಗುತ್ತಿದ್ದರು. ಒಮ್ಮೆ ನಾನು ಕತ್ತರಿ ಬಿಸಾಕಿ, "ನಿಮಗೆ ಹೆಂಗೆ ಬೇಕೋ ಹಂಗೆ ನೀವೇ ಮಾಡ್ಕೊಳ್ಳಿ" ಎಂದುಬಿಟ್ಟೆ. ಅವರು ಎದ್ದು ಬಂದು ನೆಲದ ಮೇಲೆ ಕೂತು ಕತ್ತರಿಯ ಕಣ್ಣಿಗೆ ಬೆರಳು ತೂರಿಸಲು ನೋಡಿದರು. ಬೆರಳು ಮಡಚಲಿಲ್ಲ. ಬೇರೊಬ್ಬರ ಕೈ ನೋಡುವಂತೆ ತಮ್ಮ ಕೈಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ನಾನು ಕತ್ತರಿ ತೆಗೆದುಕೊಂಡು ಮತ್ತೆ ರಟ್ಟು ಕತ್ತರಿಸಿದೆ. ಆ ದಿನದ ಅಡುಗೆಯಲ್ಲಿ ಉಪ್ಪಿತ್ತೋ ಇಲ್ಲವೋ, ಇಬ್ಬರೂ ಗಮನಿಸಲಿಲ್ಲ.

ಯುಗಾದಿಗೆ ಮುಂಚೆ ಅವರ ಅಕ್ಕ ಗಂಗಕ್ಕ ಸಾಸ್ವೆಹಳ್ಳಿಯಿಂದ ಬಂದು ನಮ್ಮಲ್ಲೇ ಉಳಿದಳು. ಗಂಡ ತೀರಿಕೊಂಡಿದ್ದ ಹೆಂಗಸು, ತಮ್ಮನನ್ನು ಎತ್ತಿ ಆಡಿಸಿದವಳು. ಬಂದವಳೇ ಬಾಟಲಿಗಳ ರಾಶಿ ನೋಡಿ, "ಕಾಯಿಲೆ ಮನುಷ್ಯನ ಮನೇಲಿ ಇದೇನ್ ಗುಜರಿ ಅಂಗಡಿ ಇಟ್ಟೀರಿ?" ಎಂದಳು. ದೇವರಿಗೆ ಹರಕೆ ಹೊತ್ತಳು, ಯಾರೋ ಕೊಟ್ಟ ಎಣ್ಣೆ ತಿಕ್ಕಿದಳು. ದಿನಾ ಬೆಳಿಗ್ಗೆ ತಮ್ಮನ ಕೈ ಹಿಡಿದು, "ನಿನ್ನೆಗಿಂತ ಇವತ್ತು ಬಿಸಿ ಐತೆ. ಗುಣ ಆಗ್ತೈತೆ ಕಣೋ" ಎನ್ನುತ್ತಿದ್ದಳು. ಬಂದು ಹೋಗುವವರೆಲ್ಲ ಅದನ್ನೇ ಹೇಳುತ್ತಿದ್ದರು. ಮುಖದಲ್ಲಿ ಕಳೆ ಬಂದೈತೆ, ಮೊನ್ನೆಗಿಂತ ವಾಸಿ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಹೋದ ಮೇಲೆ ನನ್ನ ಕಡೆ ತಿರುಗಿ, "ಎಲ್ರೂ ಒಂದೇ ಕಡೆ ಟ್ರೇನಿಂಗ್ ತಗಂಡು ಬರ್ತಾರೆ" ಎನ್ನುತ್ತಿದ್ದರು.

ಗಂಗಕ್ಕ ಭಾನುವಾರ ಕೆರೆಗೆ ಬರತೊಡಗಿದ್ದು ತಮ್ಮನನ್ನು ನನ್ನೊಬ್ಬಳ ಕೈಗೆ ಬಿಡಲು ಮನಸ್ಸಿಲ್ಲದೆ. ಎರಡನೇ ವಾರಕ್ಕೆ ಸೀರೆ ಎತ್ತಿಕಟ್ಟಿ ಅವಳೇ ಪಂಪು ಹೊಡೆದಳು. ಚೌಡಪ್ಪ ಅಂಚಿನಲ್ಲಿ ನಿಂತು, "ಹೊಡಿಯವ್ವಾ, ಹೊಡಿ" ಎಂದು ಹುರಿದುಂಬಿಸಿದ. ಆದರೆ ಹಗ್ಗ ಎಳೆಯುವ ಹೊತ್ತಿಗೆ ಮಾತ್ರ ಕಣ್ಣು ಬಿಗಿದು ಮುಚ್ಚಿ ಕಿವಿಗೆ ಕೈ ಕೊಡುತ್ತಿದ್ದಳು. ಪಟಾಕಿಗೂ ಹಾಗೇ ಅಂತೆ, ಚಿಕ್ಕವಳಿದ್ದಾಗಿನಿಂದ. "ಅಕ್ಕ ರಾಕೆಟ್ಟು ಹೊಡಿತಾಳೆ, ಒಂದನ್ನೂ ನೋಡಿಲ್ಲ ಮಾತ್ರ" ಎಂದು ನಮ್ಮವರು ಚೇಷ್ಟೆ ಮಾಡುತ್ತಿದ್ದರು. ಆಗಿನ್ನೂ ಚೇಷ್ಟೆ ಮಾಡುವಷ್ಟು ನಾಲಿಗೆ ಹೊರಳುತ್ತಿತ್ತು.

ಏಪ್ರಿಲ್ ಬಿಸಿಲಿಗೆ ಅದೂ ಹೋಯಿತು. ಮೊದಲು ರಕಾರ ಬಿತ್ತು, ಆಮೇಲೆ ಳಕಾರ. ಹಾರಿಸುವ ಮುಂಚೆ ಐದು, ನಾಲ್ಕು, ಮೂರು ಎಂದು ಇಳಿಎಣಿಕೆ ಕೂಗುವುದು ಅವರ ಖುಷಿಯಾಗಿತ್ತು. ಗಾಳಿಯಲ್ಲಿ ಅವರ ಎಣಿಕೆ ನಮಗೆ ಅರ್ಥವಾಗದೆ ಒಮ್ಮೆ ನಾನು ಬೇಗ ಎಳೆದೆ, ಒಮ್ಮೆ ತಡವಾಗಿ ಎಳೆದೆ. ಮುಂದಿನ ವಾರ ಅವರು ಎಣಿಸಲಿಲ್ಲ. ತಲೆ ಆಡಿಸಿದರು, ಅಷ್ಟೆ.

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿ. ಗಮ್ಮು ತರಲು ಇಬ್ಬರೂ ಹೋಗಿದ್ದೆವು. ಅವರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಅಂಗಡಿಯವನು ಒಳ್ಳೆಯ ಮನುಷ್ಯ, ಕೌಂಟರಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ:

"ಮೇಡಂ, ಬೇಜಾರ್ ಮಾಡ್ಕೋಬ್ಯಾಡ್ರಿ. ಮೇಷ್ಟ್ರು ಬೆಳಬೆಳಿಗ್ಗೆನೇ ಹಾಕ್ಕೊಂಡು ಬರ್ತಾರೆ. ಮೊನ್ನೆ ಬಂದು ಏನ್ ಕೇಳಿದ್ರೋ ನನಗೆ ತಿಳೀಲೇ ಇಲ್ಲ. ಒಳ್ಳೇರು ಪಾಪ. ನೀವೊಂದು ಮಾತು ಹೇಳ್ರಿ."

"ಅವರು ಕುಡಿಯಲ್ಲ. ಕಾಯಿಲೆ ಅದು" ಎಂದೆ.

"ಅದೂ ಒಂದು ಕಾಯಿಲೇನೇ ಬಿಡ್ರಿ" ಎಂದು ಅವನು ಮರುಕದಿಂದ ತಲೆಯಾಡಿಸಿದ.

ಹೊರಗೆ ಬಂದಾಗ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಮುಖ ನೋಡಿದರೇ ತಿಳಿಯಿತು. ಅಲ್ಲಿಂದ ಮುಂದೆ ಮನೆಯ ಹೊರಗೆ ಅವರು ಬಾಯಿ ತೆರೆಯಲಿಲ್ಲ. ಐಟಿಐಗೆ ರಜೆ ಹಾಕಿದರು. ಆ ರಜೆ ಮುಗಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆದರೆ ಪ್ಯಾರಾಚೂಟ್ ಬಿಡಲಿಲ್ಲ. ಮೇಣ ಹಚ್ಚಿದ್ದು ಬಿಸಿಲಿಗೆ ಕರಗಿ ಅಂಟಿಕೊಂಡಿತು. ರಬ್ಬರ್ ಬ್ಯಾಂಡ್ ಹಾಕಿ ನೋಡಿದೆವು. ಅರ್ಧ ಬಿಚ್ಚಿ ದಾರ ಸುತ್ತಿಕೊಂಡಿತು. ಅವರು ಪ್ರತಿ ಸಲ ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದ ರೀತಿ ಕಂಡು, ದೇವರಲ್ಲಿ ನಾನು ಗುಣವಾಗಲಿ ಎಂದು ಕೇಳುವುದನ್ನು ಬಿಟ್ಟೆ. ಇದೊಂದು ಬಿಚ್ಚಲಿ ಎಂದು ಕೇಳಿದೆ. ಇಷ್ಟು ಸಣ್ಣದನ್ನಾದರೂ ಕೊಡಬಹುದು ಎಂದುಕೊಂಡಿದ್ದೆ.

ಆಷಾಢ ಬಂತು. ಜಗಳೂರಿನ ಆಷಾಢದ ಗಾಳಿ ನಿಂತವರನ್ನು ದೂಡುತ್ತದೆ. ಅದು ರಾಕೆಟ್ಟಿನ ಕಾಲವಲ್ಲ. ಆದರೆ ಊರಿನಲ್ಲಿ ದೊಡ್ಡ ಸುದ್ದಿಯಾಗಿತ್ತು. ತುಂಗಭದ್ರೆಯಿಂದ ದೊಡ್ಡ ಪೈಪಿನಲ್ಲಿ ಕೆರೆಗಳಿಗೆ ನೀರು ಬರುತ್ತದೆ, ನಮ್ಮ ಕೆರೆಗೂ ಇನ್ನೇನು ಬಿಡುತ್ತಾರೆ ಎಂದು. ಚೌಡಪ್ಪ ಮನೆಗೇ ಬಂದು ಹೇಳಿದ: "ಈ ವಾರ ಹಾರಿಸ್ಕೊಂಡ್ ಬಿಡ್ರಿ ಮೇಷ್ಟ್ರೇ. ಆಮೇಲೆ ಇಲ್ಲಿ ದೋಣಿ ಬಿಡ್ಬೇಕಾಗ್ತೈತೆ." ಅವನ ಮುಖ ಅರಳಿತ್ತು. ನಮ್ಮವರೂ ಕಷ್ಟಪಟ್ಟು ನಕ್ಕರು.

ಆ ಹೊತ್ತಿಗೆ ಅವರ ಕುತ್ತಿಗೆ ನಿಲ್ಲುತ್ತಿರಲಿಲ್ಲ. ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ತಾಗುತ್ತಿತ್ತು. ಪಟ್ಟಿ ಕಟ್ಟಿದರೆ ಉಸಿರು ಕಟ್ಟುತ್ತದೆಂದು ತೆಗೆಸುತ್ತಿದ್ದರು. ಭಾನುವಾರ ಸಂಜೆ ಆಟೋದಲ್ಲಿ ಕೆರೆ ಏರಿಯ ತನಕ ಕರೆದೊಯ್ದು, ಅಲ್ಲಿಂದ ಆಟೋದವನೂ ನಾನೂ ಅವರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಕೆರೆಯಂಗಳಕ್ಕೆ ಇಳಿಸಿದೆವು. ಆಟೋದವನು ಇನ್ನೊಂದು ಬಾಡಿಗೆಗೆ ಹೋದ. ಚೌಡಪ್ಪ ಕುರಿ ಹೊಡೆದುಕೊಂಡು ಬೇರೆ ಕಡೆಗೆ ಹೋಗಿಯಾಗಿತ್ತು. ಕ್ರಿಕೆಟ್ಟಿನವರೂ ಇರಲಿಲ್ಲ. ನಾವು ಮೂವರೇ.

ನಮ್ಮ ಲೆಕ್ಕ ಹೀಗಿತ್ತು. ನಾನು ಪಂಪು ಹೊಡೆಯುವುದು. ಆಮೇಲೆ ಹಗ್ಗ ಗಂಗಕ್ಕನ ಕೈಗೆ ಕೊಟ್ಟು, ನಾನು ಕುರ್ಚಿಯ ಹಿಂದೆ ನಿಂತು ಎರಡೂ ಅಂಗೈಯಲ್ಲಿ ಅವರ ತಲೆ ಹಿಡಿದು ಆಕಾಶಕ್ಕೆ ಎತ್ತುವುದು. ಹಾಗೇ ಮಾಡಿದೆವು. ಅವರ ಕೆನ್ನೆಯ ಕುರುಚಲು ಗಡ್ಡ ನನ್ನ ಅಂಗೈಗೆ ಚುಚ್ಚುತ್ತಿತ್ತು. ಅವರು ಕಣ್ಣು ಬಿಟ್ಟುಕೊಂಡು ಸಿದ್ಧವಾಗಿದ್ದರು.

"ಎಳೀರಿ ಗಂಗಕ್ಕ!"

ಗಂಗಕ್ಕ ಎಳೆದಳು. ಬಳೆ ಜಾರಲಿಲ್ಲ. ಮತ್ತೆ ಎಳೆದಳು. "ಬರ್ತಿಲ್ಲ ಕಣೇ ಗಿರಿಜಾ! ಸಿಕ್ಕಾಕ್ಕೊಂಡೈತೆ!" ಎಂದು ಕೂಗಿದಳು. ತುಂಬಿದ ಬಾಟಲಿ ಸಿಡಿದರೆ ಎಂದು ನನಗೆ ಹೆದರಿಕೆಯಾಯಿತು. ಅವರ ತಲೆಯನ್ನು ಮೆಲ್ಲಗೆ ಇಳಿಸಿ ಓಡಿದೆ. ಇಬ್ಬರೂ ಸೇರಿ ಜಗ್ಗಿದೆವು. ಬಳೆ ಕಳಚಿದ್ದೇ ಗಂಗಕ್ಕ ಹಗ್ಗ ಬಿಟ್ಟು, ಕಣ್ಣು ಮುಚ್ಚಿ ಕಿವಿಗೆ ಕೈ ಕೊಟ್ಟಳು. ರಾಕೆಟ್ಟು ಹೋಯಿತು.

ಅಷ್ಟು ನೆಟ್ಟಗೆ ಯಾವತ್ತೂ ಹೋಗಿರಲಿಲ್ಲ. ಬೂದು ಮೋಡದ ಕೆಳಗೆ ಒಂದು ಚುಕ್ಕಿಯಾಗಿ ನಿಂತಿತು. ಟೋಪಿ ಕಳಚಿ ಪಕ್ಕಕ್ಕೆ ಬಿದ್ದದ್ದು ಕಂಡೆ. ಆಮೇಲೆ ನನ್ನ ಸೀರೆಯ ಕಿತ್ತಳೆ ಬಣ್ಣ ಹೂವಿನಂತೆ ಅರಳಿತು. ಪೂರ್ತಿ. ಒಂದು ದಾರವೂ ತೊಡರಿಕೊಳ್ಳಲಿಲ್ಲ.

"ಬಿಚ್ತು! ರೀ, ಬಿಚ್ತು ನೋಡ್ರಿ!" ಎಂದು ಕೂಗುತ್ತ ತಿರುಗಿದೆ.

ಅವರ ಗದ್ದ ಎದೆಯ ಮೇಲಿತ್ತು. ತಮ್ಮ ಅಂಗಿಯ ಗುಂಡಿ ನೋಡುತ್ತ ಕೂತಿದ್ದರು. ಕುತ್ತಿಗೆ ಎತ್ತಲು ಹೆಣಗಿ ಹೆಣಗಿ ಭುಜ ಅದುರುತ್ತಿತ್ತು. ನಾನು ಎಡವಿ ಬಿದ್ದು ಎದ್ದು ಓಡಿದೆ. ಮುಖ ಹಿಡಿದು ಮೇಲೆತ್ತುವ ಹೊತ್ತಿಗೆ ಗಾಳಿ ಅದನ್ನು ಕೆರೆ ಏರಿಯಾಚೆ, ಜಾಲಿ ಗಿಡಗಳ ಮೇಲಿಂದ ಎಲ್ಲಿಗೋ ಒಯ್ದಿತ್ತು. ಅವರ ಕಣ್ಣು ಮೋಡದಲ್ಲಿ ಹುಡುಕಿತು. ಅಲ್ಲಿ ಏನೂ ಇರಲಿಲ್ಲ.

"ಬಿಚ್ಚಿತು ರೀ. ಪೂರ್ತಿ ಬಿಚ್ಚಿತು. ಗಾಳಿ ಒಯ್ತು."

ಅವರು ನನ್ನ ಮುಖ ನೋಡಿದರು. ನಂಬುತ್ತಿದ್ದರು. ಆ ಒಂದು ಕ್ಷಣ ಅವರು ನಂಬುತ್ತಿದ್ದರೆಂದು ಈಗಲೂ ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಗಂಗಕ್ಕ ಕಿವಿಯ ಮೇಲಿನ ಕೈ ತೆಗೆದು, ಅಳುತ್ತಾ ನಗುತ್ತಾ ಓಡಿ ಬಂದಳು.

"ಹೌದು ಕಣೋ ತಮ್ಮಾ! ನಾನೂ ನೋಡ್ದೆ! ಎಷ್ಟು ಚೆಂದ ಬಿಚ್ತು!"

ಅವರ ಕಣ್ಣು ಗಂಗಕ್ಕನ ಕಡೆ ಹೋಗಿ, ತಿರುಗಿ ನನ್ನ ಕಡೆ ಬಂತು. ಕಣ್ಣೊಳಗೆ ಏನೋ ಆರಿಹೋದದ್ದನ್ನು ನಾನು ಅಂಗೈ ದೂರದಿಂದ ನೋಡಿದೆ. "ಆಯ್ತು" ಎಂದರು. ಅದೊಂದು ಪದ ಸ್ಪಷ್ಟವಾಗಿಯೇ ಬಂತು.

ಮರುದಿನ ಶಾಲೆಗೆ ರಜೆ ಹಾಕಿ ಏರಿಯಾಚೆ ಹುಡುಕಿದೆ. ಜಾಲಿ ಮುಳ್ಳಿಗೆ ಕೈಯೆಲ್ಲ ಗೀರಿತು. ಮೆಕ್ಕೆಜೋಳದ ಹೊಲದವರನ್ನು ಕೇಳಿದೆ, "ಎಂಥ ಬಟ್ಟೆ ಅಮ್ಮ? ಸೀರೆ ಹಾರೋಯ್ತಾ?" ಎಂದರು. ಅದರ ಮರುದಿನವೂ ಹೋದೆ. ಸಿಗಲಿಲ್ಲ. ಮೂರನೇ ದಿನ ಪೈಪಿನ ಬಾಯಿಂದ ನೀರು ಬಂತು. ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟರು. ಚೌಡಪ್ಪ ಅಂಗೈಯಲ್ಲಿ ನೀರು ಹಿಡಿದು ತಲೆಗೆ ಚಿಮುಕಿಸಿಕೊಂಡು ಮಗುವಿನಂತೆ ಅತ್ತ. ಎಷ್ಟೋ ವರ್ಷಗಳ ಮೇಲೆ ಬಂದ ನೀರು, ಎಲ್ಲರೂ ಸಂತೋಷಪಡಬೇಕಾದದ್ದೇ. ನಾವು ಸ್ಟ್ಯಾಂಡ್ ಇಡುತ್ತಿದ್ದ ಜಾಗ ಮೊದಲು ತೋಯಿತು, ಆಮೇಲೆ ಕಾಣಲಿಲ್ಲ.

ಮತ್ತೆ ಹಾರಿಸೋಣವೇ, ಬೇರೆ ಬಯಲಿಗೆ ಹೋಗೋಣವೇ ಎಂದು ಕೇಳಿದೆ. ಬೇಡ ಎಂಬಂತೆ ಕಣ್ಣು ಮುಚ್ಚಿದರು. ಗಂಗಕ್ಕನಿಗೆ ನಾನು ಏನೂ ಹೇಳಲಿಲ್ಲ. ಏನೆಂದು ಹೇಳುವುದು? ತಮ್ಮನಿಗೆ ಒಳ್ಳೆಯದನ್ನೇ ಹೇಳಬೇಕು ಎಂಬುದೊಂದೇ ಅವಳಿಗೆ ಗೊತ್ತಿದ್ದ ಮದ್ದು. ಬಾಟಲಿಗಳನ್ನು ಅವಳೇ ಗುಜರಿಗೆ ಹಾಕಿದಳು.

ಅವರು ಇನ್ನೂ ಒಂದು ಚಳಿಗಾಲ ಇದ್ದರು. ಕಡೆಯ ತಿಂಗಳುಗಳಲ್ಲಿ ಮಾತೂ ಇಲ್ಲ, ಕೈಯೂ ಇಲ್ಲ. ಹೌದು ಅನ್ನಲು ಒಂದು ಸಲ, ಇಲ್ಲ ಅನ್ನಲು ಎರಡು ಸಲ ರೆಪ್ಪೆ ಬಡಿಯುವುದು ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೆವು. ನೀರು ಬೇಕೇ, ಮಗ್ಗುಲು ಬದಲಿಸಲೇ, ಫ್ಯಾನು ಸಾಕೇ. ಎಲ್ಲ ಅದರಲ್ಲೇ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಗಂಗಕ್ಕ ಸಂತೆಗೆ ಹೋಗಿದ್ದಾಗ ನಾನು ಅವರ ಮಂಚದ ಪಕ್ಕ ಕೂತೆ. ಕೈ ಹಿಡಿದುಕೊಂಡು ಹೇಳಿದೆ. ಅಕ್ಕ ನೋಡಿರಲಿಲ್ಲ, ಅವಳು ಕಣ್ಣು ಮುಚ್ಚಿದ್ದಳು, ಅದು ನಿಜ. ಆದರೆ ನಾನು ನೋಡಿದೆ. ಟೋಪಿ ಎಡಕ್ಕೆ ಬಿತ್ತು. ಬಟ್ಟೆ ಒಂದೇ ಸಲಕ್ಕೆ ಅರಳಿತು. ನೀವು ಹೇಳಿದ್ದ ಹಾಗೇ. ನಿಮ್ಮದು ಬಿಚ್ಚಿತು ರೀ. ನಾನು ನಿಮಗೆ ಸುಳ್ಳು ಹೇಳುತ್ತೇನೆಯೇ? ನನ್ನ ಮಾತು ನಂಬುತ್ತೀರಲ್ಲವೇ?

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನನ್ನ ಬಗ್ಗೆ ಮರುಕವಿತ್ತು.

ಆಮೇಲೆ ಎರಡು ಸಲ ರೆಪ್ಪೆ ಬಡಿದರು.